ಕೆಂಚಿ ಉಳಿಸಿಕೊಂಡ ಒಂದೇ ಮಾತು

ನನ್ನ ಹಳೆಯ ದಿನಚರಿಯಲ್ಲಿ ೧೯೯೬ರ ಆಗಸ್ಟ್ ೧೧, ಭಾನುವಾರದ ಪುಟದಲ್ಲಿ ಹೀಗೆ ಬರೆದಿದೆ: "ಸೊಸೆ ಮಧ್ಯಾಹ್ನ ಮಕ್ಕಳಿಗೆ ತನ್ನ ವಿಯೆಟ್ನಾಮಿ ನುಡಿಯಲ್ಲಿ ಕಪ್ಪೆಯ ಕತೆ ಹೇಳಿದಳು. ಮಕ್ಕಳು ಹೂಂಗುಟ್ಟಲಿಲ್ಲ." ಆ ಮಕ್ಕಳಿಗೆ ಈಗ ಮಕ್ಕಳಾಗಿದ್ದಾರೆ. ಅವರಿಗೆ ಹೇಳಲೆಂದು ಅದೇ ಕಪ್ಪೆಯನ್ನು ಇಟ್ಟುಕೊಂಡು ಈ ಕತೆ ಕಟ್ಟಿದ್ದೇನೆ.

ಬೆಟ್ಟಗಳಿಗೆ ಇನ್ನೂ ಪೂರ್ತಿ ಹೆಸರಿಟ್ಟು ಮುಗಿಯದ ಕಾಲದಲ್ಲಿ ಅರಗಿನಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಯಾರೇ ಕತೆ ಹೇಳಲಿ, ಕೇಳುವವರು ಹೂಂಗುಟ್ಟಲೇಬೇಕಿತ್ತು. ಊರಾಚೆಯ ಕರಿಗುಡ್ಡದ ಮೇಲೆ ಮಾರಗೌಳಿ ಎಂಬ ಮಾಂತ್ರಿಕನಿದ್ದ. ಯಾರೂ ಹೂಂ ಅನ್ನದ ಕತೆ ಅವನ ಪಾಲಾಗುತ್ತಿತ್ತು, ಅದರೊಂದಿಗೆ ಹೇಳಿದವರ ದನಿಯೂ ಹೋಗುತ್ತಿತ್ತು. ಆ ದನಿಗಳನ್ನು ಅವನು ಸೋರೆಬುರುಡೆಗಳಲ್ಲಿ ತುಂಬಿ, ಬಾಯಿಗೆ ಅರಗು ಮೆತ್ತಿ, ತೊಲೆಗೆ ತೂಗುಹಾಕಿದ್ದ.

ಆ ಊರಲ್ಲಿ ಚಿಕ್ಕವೀರ ಎಂಬ ಬೊಂಬೆಗಾರನಿದ್ದ. ಹಡಗಿನಲ್ಲಿ ಬೊಂಬೆ ಮಾರಲು ಹೋದವನು ಕೆಂಪು ಹೊಳೆ ಹರಿಯುವ ವಿಯೆಟ್ ನಾಡಿನಿಂದ ಹ್ವೆ ಎಂಬ ಹೆಣ್ಣನ್ನು ಮದುವೆಯಾಗಿ ಕರೆತಂದ. ಹ್ವೆ ಅಂದರೆ ಅವರಲ್ಲಿ ಸುಗಂಧರಾಜದ ಹೂವು. ಅವರಿಗೆ ಕೆಂಚಿ ಎಂಬ ಮಗಳಾದಳು.

ಬೊಂಬೆಗಳ ಬಣ್ಣ ಆರುವ ಹೊತ್ತಿನಲ್ಲಿ ಹ್ವೆ ಕೆಂಚಿಯನ್ನೂ ಬೀದಿಯ ಮಕ್ಕಳನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ತನ್ನ ನುಡಿಯಲ್ಲಿ ಕತೆ ಹೇಳುತ್ತಿದ್ದಳು. ಮಳೆ ಬಾರದಾಗ ಒಂದು ಕಪ್ಪೆ ಜೇನುಹುಳು, ಕೋಳಿ, ಹುಲಿಗಳನ್ನು ಕಟ್ಟಿಕೊಂಡು ಆಕಾಶರಾಯನ ಬಾಗಿಲಿಗೆ ಜಗಳಕ್ಕೆ ಹೋಯಿತಂತೆ. ಸೋತ ಆಕಾಶರಾಯ ಕಪ್ಪೆಯನ್ನು ಸೋದರಮಾವ ಎಂದು ಕರೆದನಂತೆ. ಹಾಗಾದರೆ ಆಕಾಶರಾಯನ ಮಗಳ ಮದುವೆಯಲ್ಲಿ ಕಪ್ಪೆಗೂ ಪಂಚೆ ಉಡುಗೊರೆ ಕೊಡಬೇಕಲ್ಲ, ಎಷ್ಟು ಮೊಳದ್ದು ಎಂದು ಕೆಂಚಿ ಕೇಳುತ್ತಿದ್ದಳು. ಹ್ವೆಯ ನಾಡಿನಲ್ಲಿ ಹಿರಿಯರಿಗೆ ಮಕ್ಕಳು ಹೂಂ ಅನ್ನುವ ಬದಲು "ಝಾ" ಅನ್ನುತ್ತಾರೆ. ಜಗಲಿಯ ಮಕ್ಕಳೆಲ್ಲ ಝಾ, ಝಾ ಎನ್ನುತ್ತಿದ್ದರು. ಕೆಂಚಿ ತಾಯಿಯನ್ನು "ಮೆ" ಎಂದು ಕರೆಯುತ್ತಿದ್ದಳು. ಅವರಲ್ಲಿ ಅವ್ವನಿಗೆ ಹಾಗನ್ನುತ್ತಾರೆ.

ಚಿಕ್ಕವೀರನ ತಾಯಿ ದೇವೀರಮ್ಮ ಅರಮನೆಯ ಪಾಠಶಾಲೆಯಲ್ಲಿ ಓದಿದವಳು. ಯಾರ ಮಾತಿನಲ್ಲಾದರೂ ತಪ್ಪು ಹುಡುಕುವವಳು. ಮಗ ಮತ್ತೆ ಹಡಗು ಹತ್ತಿದ ಮೇಲೆ ಅವಳು ಜಗಲಿಗೆ ಬಂದು ಮಕ್ಕಳಿಗೆ ಹೇಳಿದಳು:

"ಇನ್ನು ಮೇಲೆ ಈ ಕತೆಗೆ ಯಾರೂ ಝಾ ಅನ್ನಕೂಡದು, ಹೂಂ ಅನ್ನಲೂ ಕೂಡದು."

"ಮಾರಗೌಳಿ ಕದ್ದುಕೊಂಡು ಹೋದರೆ, ಅಜ್ಜಿ?" ಎಂದಳು ಕೆಂಚಿ.

"ಕದಿಯುವುದಕ್ಕೆ ಅದು ಮಾತೇನು? ಹಕ್ಕಿಯ ಚಿಲಿಪಿಲಿ. ಅವನಿಗೂ ಒಂದು ಅಂತಸ್ತಿದೆ."

ಮರುದಿನ ಹ್ವೆ ಕಪ್ಪೆಯ ಕತೆ ಶುರುಮಾಡಿದಳು. ಒಂದು ವಾಕ್ಯ ಹೇಳಿ ಕಾದಳು. ಮಕ್ಕಳು ಅಜ್ಜಿಯ ಕಡೆ ನೋಡಿ ತುಟಿ ಬಿಗಿದರು. ಕೆಂಚಿಯೂ ಬಿಗಿದಳು. ಹ್ವೆ ನಕ್ಕು ಮುಂದಿನ ವಾಕ್ಯ ಹೇಳಿದಳು, ಮತ್ತೆ ಕಾದಳು. ಮೂರನೆಯ ವಾಕ್ಯಕ್ಕೆ ಅವಳ ಬಾಯಿ ಆಡಿತು, ದನಿ ಬರಲಿಲ್ಲ.

ಕರಿಗುಡ್ಡದ ಕಾವಲು ಮೃಗಗಳು ಹೊನ್ನು ಮುಟ್ಟುವುದಿಲ್ಲ, ಕದ್ದ ಕತೆ ಯಾವ ನುಡಿಯದೋ ಆ ನುಡಿಯದ್ದನ್ನೇ ಸುಂಕವಾಗಿ ಕೇಳುತ್ತವೆ, ಕದ್ದ ಕತೆಗೆ ಅದರ ನುಡಿಯಲ್ಲೇ ಹೂಂ ಅಂದರೆ ಮಾತ್ರ ಮಾರಗೌಳಿಯ ಕಟ್ಟು ಒಡೆಯುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಕೆಂಚಿ ರೊಟ್ಟಿ ಕಟ್ಟಿಕೊಂಡು ಹೊರಟಳು. ತಾನು ಹೋಗುತ್ತೇನೆಂದು ದೇವೀರಮ್ಮ ಅಡ್ಡ ಬಂದಳು.

"ನೀನು ಹೋಗಿ ಏನು ಕೊಡುತ್ತೀ, ಅಜ್ಜಿ? ನಿನಗೆ ಆ ಚಿಲಿಪಿಲಿ ಬರುವುದಿಲ್ಲವಲ್ಲ."

ದೇವೀರಮ್ಮ ಏನೋ ಹೇಳಲು ಬಾಯಿ ತೆರೆದಳು. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು. ಅವಳು ಬಾಯಿ ಮುಚ್ಚಿ ದಾರಿ ಬಿಟ್ಟಳು.

ಗುಡ್ಡದ ಬುಡದಲ್ಲಿ ಒಂದು ಹುಲಿಯಿತ್ತು. ಅದರ ಮೈಮೇಲಿನ ಪಟ್ಟೆಗಳು ಇರುವೆಸಾಲಿನಂತೆ ಹರಿದಾಡುತ್ತಿದ್ದವು. "ಒಂದು ಕತೆ ಕೊಟ್ಟರೆ ಬಿಡುತ್ತೇನೆ. ಕೊಟ್ಟದ್ದು ಮರಳದು" ಎಂದಿತು ಹುಲಿ. ಕೆಂಚಿ ಕಪ್ಪೆಯ ಕತೆ ಕೊಟ್ಟಳು. ಕತೆಯಲ್ಲಿ ಹುಲಿಯೂ ಇದ್ದುದರಿಂದ ಅದಕ್ಕೆ ಸಂತೋಷವಾಯಿತು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ತಾನು ಹೇಳಿದ್ದು ಯಾವ ಪ್ರಾಣಿಯ ಕತೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಗುಡ್ಡದ ನಡುವಿನ ಕೆರೆಯಲ್ಲಿ ಒಂದು ಕೊಕ್ಕರೆಯಿತ್ತು. ಅದರ ಕೊರಳು ಈ ದಡದಿಂದ ಆ ದಡಕ್ಕೆ ಸೇತುವೆಯಂತೆ ಚಾಚಿತ್ತು. "ಒಂದು ಕತೆ ಕೊಟ್ಟರೆ ದಾಟಿಸುತ್ತೇನೆ. ಕೊಟ್ಟದ್ದು ಮರಳದು." ಅಣ್ಣತಮ್ಮಂದಿರಲ್ಲಿ ಒಬ್ಬ ಸುಣ್ಣದ ಕಲ್ಲಾಗಿ, ಒಬ್ಬ ಅಡಿಕೆ ಮರವಾಗಿ, ಆ ಮರದವನ ಹೆಂಡತಿ ವೀಳ್ಯದ ಬಳ್ಳಿಯಾಗಿ ಅವನನ್ನು ತಬ್ಬಿಕೊಂಡ ಕತೆಯನ್ನು ಕೆಂಚಿ ಕೊಟ್ಟಳು. ಹ್ವೆ ಅತ್ತೆಗೆ ಎಲೆ ಮಡಿಸಿಕೊಡುವಾಗೆಲ್ಲ ಹೇಳುತ್ತಿದ್ದ ಕತೆ ಅದು. ಆಚೆ ದಡ ಮುಟ್ಟುವಷ್ಟರಲ್ಲಿ ಅದೂ ಹೋಯಿತು.

ಗುಡ್ಡದ ತುದಿಯಲ್ಲಿ ಒಂದು ಆಮೆಯಿತ್ತು. ಮಾರಗೌಳಿಯ ಮನೆ ಅದರ ಬೆನ್ನಿನ ಮೇಲೆಯೇ ನಿಂತಿತ್ತು. "ನನಗೆ ಕತೆ ಸಾಲದು. ನುಡಿಯನ್ನೇ ಕೊಡು. ಕೊಟ್ಟದ್ದು ಮರಳದು. ಚಿಕ್ಕವಳು ನೀನು, ಒಂದು ಮಾತನ್ನು ಮಾತ್ರ ಇಟ್ಟುಕೋ" ಎಂದಿತು ಆಮೆ.

ಕೆಂಚಿ ಅಲ್ಲೇ ಕೂತಳು. ಎರಡು ಮಾತುಗಳನ್ನು ಬಾಯೊಳಗೆ ಒಂದಾದ ಮೇಲೊಂದು ಹೇಳಿಕೊಂಡಳು. ಮೆ ಎಂಬುದನ್ನು ಹಿಡಿದರೆ ಒಳಗೆ ಹೋಗಿ ಅವ್ವನನ್ನು ಕರೆಯಬಹುದು, ಬಿಡಿಸಲಾಗದು. ಕೊನೆಗೆ "ಝಾ" ಎಂಬುದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಉಳಿದದ್ದನ್ನೆಲ್ಲ ಕೊಟ್ಟಳು.

ಮಾರಗೌಳಿ ಒಳಗೆ ಬಂದ ಅವಳನ್ನು ನೋಡಿ, ನುಡಿಯೇ ಇಲ್ಲದವಳು ಏನು ಮಾಡಿಯಾಳೆಂದು ನಕ್ಕು, ತಾನೇ ಹೊಸ ಬುರುಡೆಯ ಅರಗನ್ನು ಕಿತ್ತ. ಒಳಗಿನಿಂದ ಹ್ವೆಯ ದನಿ ಬಂತು. ಯಾವುದೋ ಕತೆ ಹೇಳುತ್ತಿತ್ತು. ಕೆಂಚಿಗೆ ಅದು ಹೊಳೆಯ ಸದ್ದಿನಂತೆ ಕೇಳಿತು. ದನಿ ತಡೆದು ಕಾದಾಗ ಅವಳು "ಝಾ" ಎಂದಳು.

"ಒಂದು ಅಕ್ಷರವೂ ತಿಳಿಯದೆ ಹೂಂಗುಟ್ಟುತ್ತೀಯಲ್ಲೇ, ಹುಚ್ಚಿ."

"ಅವ್ವ ಕಾಯುತ್ತಿದ್ದಾಳೆ" ಎಂದು ಕೆಂಚಿ ಮುಂದಿನದಕ್ಕೂ ಝಾ ಎಂದಳು.

ಒಂದೊಂದು ಝಾಕ್ಕೆ ಒಂದೊಂದು ಬುರುಡೆ ಸೀಳಿತು. ಒಳಗಿದ್ದ ದನಿಗಳು ಕಿಟಕಿಯಿಂದ ಹಾರಿದವು. ಮಾರಗೌಳಿಯ ಮೈಯೆಲ್ಲ ಆ ಕದ್ದ ದನಿಗಳಿಂದಲೇ ಆದದ್ದು. ಕತೆ ಮುಗಿಯುವಾಗ ಅವನು ಒಂದು ಒಣ ಅರಗಿನ ಚೂರಾಗಿ ನೆಲಕ್ಕೆ ಬಿದ್ದ. ಕೆಂಚಿ ಅದನ್ನು ಹಿಮ್ಮಡಿಯಿಂದ ಪುಡಿಮಾಡಿದಳು. ಕದ್ದದ್ದೆಲ್ಲ ಮರಳಿತು. ಕೊಟ್ಟದ್ದು ಮರಳಲಿಲ್ಲ.

ಹ್ವೆ ಊರ ಬಾಗಿಲಿಗೆ ಓಡಿ ಬಂದು ಮಗಳನ್ನು ತನ್ನ ನುಡಿಯಲ್ಲಿ ಏನೋ ಕೇಳಿದಳು. ಕೆಂಚಿ "ಝಾ" ಎಂದಳು. ಹ್ವೆ ಮತ್ತೊಂದು ಕೇಳಿದಳು. "ಝಾ" ಎಂದಳು. ಹ್ವೆ ಅವಳ ಮುಖ ಹಿಡಿದು, ತನ್ನ ಎದೆ ಮುಟ್ಟಿಕೊಂಡು, ಒಂದು ಮಾತಿಗಾಗಿ ಕಾದಳು.

"ಅವ್ವ" ಎಂದಳು ಕೆಂಚಿ.

ಆಮೇಲೆ ಹ್ವೆ ಕೇಳುವುದನ್ನು ಬಿಟ್ಟಳು.

ಅರಗಿನಪುರ ಸುಖವಾಗಿತ್ತು. ಚಿಕ್ಕವೀರ ಮರಳಿ ಬಂದ. ದೇವೀರಮ್ಮ ತನ್ನ ಮಾತು ಹಿಂತೆಗೆದುಕೊಂಡಳು. ಹ್ವೆ ಜಗಲಿಯ ಮೇಲೆ ಕತೆ ಹೇಳುತ್ತಿದ್ದಳು, ಬೀದಿಯ ಮಕ್ಕಳು ಕೇಳಿ ನಗುತ್ತಿದ್ದರು. ಅವರ ನಡುವೆ ಎಲ್ಲರಿಗಿಂತ ಗಟ್ಟಿಯಾಗಿ ಝಾ ಅನ್ನುವವಳು ಕೆಂಚಿ. ನಗುವಾಗ ಮಾತ್ರ ಅವಳು ಉಳಿದವರ ಮುಖ ನೋಡಿ ನಗುತ್ತಿದ್ದಳು.

ಒಂದು ದಿನ ದೇವೀರಮ್ಮ ಅವರೆಕಾಯಿ ಸುಲಿಯುತ್ತ ಅವಳನ್ನು ಪಕ್ಕಕ್ಕೆ ಕರೆದು ಕನ್ನಡದಲ್ಲಿ ಒಂದು ಕತೆ ಹೇಳಿದಳು. ಮಳೆ ಬಾರದ್ದು, ಕಪ್ಪೆ ಜಗಳಕ್ಕೆ ಹೋದದ್ದು, ಆಕಾಶರಾಯ ಅದನ್ನು ಸೋದರಮಾವ ಎಂದದ್ದು. ಎಲ್ಲಿಯೂ ತಪ್ಪಲಿಲ್ಲ. ಇಷ್ಟು ವರ್ಷ ಬಾಗಿಲ ಹಿಂದೆ ನಿಂತು ಕೇಳಿ ಕೇಳಿ, ಕೆಂಚಿ ಗುಡ್ಡಕ್ಕೆ ಹೊರಡುವ ಮೊದಲೇ ಅವಳಿಗೆ ಆ ನುಡಿಯೂ ಬಂದಿತ್ತು, ಕತೆಗಳೂ ಬಂದಿದ್ದವು.

ಕೆಂಚಿ ಹೂಂ, ಹೂಂ ಎಂದು ಕೊನೆಯವರೆಗೆ ಕೇಳಿದಳು.

"ಕತೆ ಚೆನ್ನಾಗಿದೆ, ಅಜ್ಜಿ. ಯಾರದು?"

ದೇವೀರಮ್ಮ ಸುಲಿದ ಕಾಳನ್ನೇ ಮತ್ತೆ ಸುಲಿಯತೊಡಗಿದಳು.

ಮಾಂತ್ರಿಕ ಸತ್ತ, ತಾಯಿಯ ದನಿ ಬಂತು, ಊರವರ ದನಿಗಳೆಲ್ಲ ಮನೆ ಸೇರಿದವು. ಅದಕ್ಕೆ ತೆತ್ತದ್ದು ಇಷ್ಟು: ಎರಡು ಕತೆ, ಒಂದು ನುಡಿ, ಮಗಳ ಬಾಯಲ್ಲಿ ತಾಯಿಗಿದ್ದ ಹೆಸರು.