ಮಾವನ ಜರ್ಮನ್ ಕ್ಯಾಮೆರಾ

“ಇದು ಅಪ್ಪನ ಕ್ಯಾಮೆರಾ ಅಲ್ಲ!”

ನಾದಿನಿ ಹೇಮಶ್ರೀ ಕೂಗಿದ ಕೂಗಿಗೆ ಅಡುಗೆಮನೆಯಲ್ಲಿದ್ದ ಅನುಪಮಾಳ ಕೈಯಿಂದ ಸೌಟು ಜಾರಿತು. ಮಾವ ರುದ್ರಮೂರ್ತಿಯವರ ವರ್ಷದ ತಿಥಿ ಮುಗಿದು ಇನ್ನೂ ಎರಡು ದಿನ ಆಗಿರಲಿಲ್ಲ. ನಡುಮನೆಗೆ ಓಡಿ ಬಂದು ನೋಡಿದರೆ, ಮೇಜಿನ ಮೇಲೆ ಕಂದು ಚರ್ಮದ ಚೀಲ ಬಾಯಿ ತೆರೆದುಕೊಂಡು ಕೂತಿದೆ. ಚೀಲದ ಮೇಲೆ ರೋಲಿಫ್ಲೆಕ್ಸ್ ಎಂದು ಜರ್ಮನ್ ಕಂಪನಿಯ ಉಬ್ಬಕ್ಷರ. ಒಳಗಿದ್ದ ಎರಡು ಕಣ್ಣಿನ ಕ್ಯಾಮೆರಾದ ಹಣೆಯ ಮೇಲೆ ಮಾತ್ರ ಯಾಶಿಕಾ ಎಂಬ ಬೇರೆಯೇ ಹೆಸರು!

ಅಜ್ಜಂಪುರದಲ್ಲಿ ನಲವತ್ತು ವರ್ಷ ಸ್ಟುಡಿಯೋ ನಡೆಸಿದ ರುದ್ರಮೂರ್ತಿಯವರ ಜರ್ಮನ್ ಕ್ಯಾಮೆರಾ ಎಂದರೆ ಸುತ್ತಮುತ್ತಲ ಊರಿಗೆಲ್ಲ ಗೊತ್ತು. ಸ್ಟುಡಿಯೋ ಮುಚ್ಚಿದ ಮೇಲೆ ಅದನ್ನು ಚೀಲದಲ್ಲಿಟ್ಟು, “ತೆಗೀಬೇಡ್ರಮ್ಮಾ, ಲೆನ್ಸಿಗೆ ಧೂಳು ಕೂರುತ್ತೆ” ಎಂದು ಬೀರುವಿಗೆ ಸೇರಿಸಿದ್ದರು. ಅಂದಿನಿಂದ ಆಯುಧಪೂಜೆ ಬಂದಾಗೆಲ್ಲ ಚೀಲ ಹೊರಗೆ ಬರುತ್ತಿತ್ತು. ಮುಚ್ಚಿದ ಚೀಲಕ್ಕೇ ವಿಭೂತಿ, ಮುಚ್ಚಿದ ಚೀಲಕ್ಕೇ ಕುಂಕುಮ, ಮೇಲೊಂದು ಮಾರು ಸೇವಂತಿಗೆ. ಅಲ್ಲ, ಅಷ್ಟು ವರ್ಷದಲ್ಲಿ ಒಬ್ಬರಾದರೂ ಗುಂಡಿ ಬಿಚ್ಚಿ ನೋಡಬಾರದಿತ್ತೇ? ಪೂಜೆಗೆ ಕೂತ ವಸ್ತು ನೋಡಿ, ಯಾರು ಕೈ ಹಾಕುತ್ತಾರೆ!

ಸಾಯುವ ಮುನ್ನ ಮುದುಕರು ಬಾಯಿ ತಪ್ಪಿಯೋ ಮರೆತೋ, “ಕ್ಯಾಮೆರಾ ಹೇಮಂಗೆ” ಎಂದುಬಿಟ್ಟಿದ್ದರು. ಅಂಥದ್ದೊಂದು ಒಂದೂವರೆ ಲಕ್ಷಕ್ಕೆ ಹೋಯಿತೆಂದು ಹೇಮಶ್ರೀ ಮೊಬೈಲಿನಲ್ಲಿ ನೋಡಿದ್ದಳು. ಕೊಳ್ಳುವವನಿಗೆ ಕ್ಯಾಮೆರಾ ನಂಬರಿನ ಫೋಟೋ ಕಳಿಸೋಣ ಎಂದು ಚೀಲ ಬಿಚ್ಚಿದ್ದೇ ತಡ, ಈ ರಾದ್ಧಾಂತ.

“ಬೀರು ಬೀಗ ಯಾರತ್ರ ಇದ್ದಿದ್ದು? ಹೇಳಿ ಅತ್ತಿಗೆ!” ಹೇಮಶ್ರೀ ಗದರಿದಳು. “ನಮ್ಮಪ್ಪ ನಿಮ್ಮನ್ನ ನಂಬಿ ಕೀ ಕೊಟ್ಟಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದ್ರಿ!”

“ಹೇಮಾ... ನಾನು ಮುಟ್ಟಿಲ್ಲ ಕಣೇ! ಆ ದೇವ್ರಾಣೆ!”

ಅತ್ತೆ ವಿಮಲಮ್ಮ ಸೊಸೆಯ ಮುಖವನ್ನೇ ನೋಡುತ್ತಾ ಕೂತರು. ಅನುಪಮಾಳಿಗೆ ಬೈಗುಳಕ್ಕಿಂತ ಆ ನೋಟವೇ ಹೆಚ್ಚು ಉರಿಯಿತು. ಹದಿನಾಲ್ಕು ವರ್ಷ ಈ ಮನೆಯ ಒಲೆ ಮುಂದೆ ಬೆಂದವಳು ಅವಳು. ಚಿನ್ನ ತಂದವಳಲ್ಲ, ಮಕ್ಕಳಿಲ್ಲ. ‘ಅನುಪಮಾ ಕೈ ಶುದ್ಧ’ ಎಂದು ಮಾವ ನಾಲ್ಕು ಜನರೆದುರು ಹೇಳುತ್ತಿದ್ದ ಒಂದು ಮಾತೇ ಅವಳ ಆಸ್ತಿ. ಈಗ ಅದಕ್ಕೇ ಕಲ್ಲು ಬಿತ್ತಲ್ಲ, ಶಿವನೇ!

ಗಂಡ ತಿಮ್ಮೇಶ್ ಹಾಲಿನ ಡೇರಿಯ ಸೆಕ್ರೆಟರಿ, ಮಾತು ಕಡಿಮೆ. “ತರೀಕೆರೆ ಮುನಿಯಪ್ಪನ್ನ ಕೇಳಾಣ. ಅಪ್ಪನ ಕ್ಯಾಮೆರಾ ರಿಪೇರಿ ಮಾಡ್ತಿದ್ದೋನು ಅವನೇ” ಎಂದು ಮಾರನೆಯ ದಿನ ಹೆಂಡತಿಯನ್ನೂ ಬಸ್ಸಿಗೆ ಹತ್ತಿಸಿಕೊಂಡ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುನಿಯಪ್ಪನ ಅಂಗಡಿ. ಈಗ ಅಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳದ್ದೇ ರಾಶಿ. ಎಪ್ಪತ್ತು ದಾಟಿದ ಆ ಮುದುಕ ಕ್ಯಾಮೆರಾವನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ನಂಬರು ಓದಿದ. ಪಕ್ಕದ ಹಿಡಿಕೆ ತಿರುಗಿಸಿ, ಗುಂಡಿ ಒತ್ತಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದ. ಹಿಂಬದಿ ತೆಗೆದು ಟಾರ್ಚ್ ಬಿಟ್ಟ.

“ಜಪಾನಿಂದು. ಲೆನ್ಸ್ ಒಳಗೆ ಬೂಷ್ಟು ಹಿಡಿದಿದೆ, ಶಟರಿನ ನಿಧಾನದ ಸ್ಪೀಡ್ ಸತ್ತೋಗಿದೆ. ಐದಾರು ಸಾವಿರಕ್ಕೆ ಯಾರಾದ್ರೂ ತಗೊಂಡ್ರೆ ನಿಮ್ ಪುಣ್ಯ. ಚೀಲ ಮಾತ್ರ ಜರ್ಮನಿದೇ.”

“ಅದರೊಳಗಿದ್ದಿದ್ದು ಏನಾಯ್ತು ಮುನಿಯಣ್ಣ?”

“ನಂಗೇನ್ ಗೊತ್ತಪ್ಪಾ” ಎಂದ ಮುದುಕ ಮುಖ ತಿರುಗಿಸಿದ.

ಅಷ್ಟರಲ್ಲಿ ಡೇರಿಯಿಂದ ಫೋನು ಬಂದು ತಿಮ್ಮೇಶ್ ಓಣಿಯ ತುದಿಗೆ ಹೋದ. ಅನುಪಮಾ ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. “ಅಪ್ಪಾ, ಮನೇಲಿ ನನ್ನ ಕಳ್ಳಿ ಅಂತಿದಾರೆ... ನೀವು ಬಲ್ಲೋರು. ಗೊತ್ತಿದ್ರೆ ಹೇಳ್ಬಿಡಿ, ನಿಮ್ ಕಾಲಿಗ್ ಬೀಳ್ತೀನಿ!”

ಮುದುಕ ಕ್ಯಾಮೆರಾ ಕೆಳಗಿಟ್ಟ. “ಅಳಬೇಡ ತಾಯಿ. ರುದ್ರಣ್ಣ ನನ್ನ ಕೈಯಲ್ಲಿ ಆಣೆ ಹಾಕಿಸ್ಕೊಂಡಿದ್ದ... ನಿನ್ ನಾದಿನಿ ಬಾಣಂತನಕ್ಕೆ ಬಂದೋಳು ವರ್ಷ ಆದ್ರೂ ತವರಲ್ಲೇ ಇದ್ಲಲ್ಲ, ನೆನಪಿದ್ಯಾ? ಅವಳ ಗಂಡ ಸುರೇಶ, ಕಾರಿಗೆ ದುಡ್ಡು ಕೊಡದಿದ್ರೆ ಹೆಂಡ್ತಿ ಮಗು ಎರಡೂ ಬೇಡ ಅಂತ ಕೂತಿದ್ದ. ರುದ್ರಣ್ಣನ ಜರ್ಮನ್ ಕ್ಯಾಮೆರಾಗೆ ನಾನೇ ಗಿರಾಕಿ ಹುಡುಕಿ ಮಾರಿಸಿಕೊಟ್ಟೆ. ಅಳಿಯ ಇದೇ ಬೆಂಚಿನ ಮೇಲೆ ಕೂತು ದುಡ್ಡು ಎಣಿಸ್ಕೊಂಡ. ಆಮೇಲೆ ರುದ್ರಣ್ಣ ಈ ಹಳೇದನ್ನ ನನ್ನತ್ರಾನೇ ತಗೊಂಡು ಚೀಲಕ್ಕೆ ಹಾಕ್ಕೊಂಡೋದ. ‘ಗಂಡ ತಾನಾಗೇ ಬಂದು ಕರ್ಕೊಂಡೋದ ಅಂತ ನನ್ ಮಗಳು ತಿಳ್ಕೊಂಡಿರ್ಲಿ ಕಣೋ ಮುನಿಯ’ ಅಂತ ಇಲ್ಲೇ ನಿಂತು ಅತ್ತ.”

ಅನುಪಮಾ ಕಣ್ಣೊರೆಸಿಕೊಂಡಳು. ಹೇಮಶ್ರೀ ಹಬ್ಬಹಬ್ಬಕ್ಕೂ ಹೇಳಿಕೊಳ್ಳುವ ಮಾತು ಅದೊಂದೇ: ‘ನಮ್ಮನೆಯವರು ಒಂದು ಪೈಸೆ ಕೇಳದೆ ಬಂದು ಕೈ ಹಿಡ್ಕೊಂಡು ಕರ್ಕೊಂಡೋದ್ರು.’ ಅದನ್ನು ಹೇಳುವಾಗ ಅವಳ ಮುಖ ಅರಳುವುದನ್ನು ನೋಡಬೇಕು! ಆ ಮಾತು ಮುರಿದರೆ ಅವಳು ಒಂದು ದಿನವೂ ಆ ಮನೆಯಲ್ಲಿ ನಿಲ್ಲುವವಳಲ್ಲ. ಹತ್ತು ವರ್ಷದ ಮಗಳು ಧನ್ಯಶ್ರೀಯನ್ನು ಕಟ್ಟಿಕೊಂಡು ಎಲ್ಲಿಗೆ ಹೋದಾಳು?

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಏನನ್ನೂ ಹೇಳುವುದು ಬೇಡ. ನಾನು ತೆಗೆದಿಲ್ಲ ಎಂದಷ್ಟೇ ಹೇಳಿದರಾಯಿತು, ನಂಬುವವರು ನಂಬಲಿ ಎಂದುಕೊಂಡಳು, ಪಾಪ.

ಅಂಗಳದಲ್ಲಿ ಸುರೇಶನ ಕಾರು ನಿಂತಿತ್ತು. ಹೆಂಡತಿಯನ್ನು ಪಂಚನಹಳ್ಳಿಗೆ ಕರೆದೊಯ್ಯಲು ಬಂದಿದ್ದ. ತಿಮ್ಮೇಶ್, ಕ್ಯಾಮೆರಾ ಜಪಾನಿಂದು ಎಂಬ ಮುನಿಯಪ್ಪನ ಮಾತು ಒಪ್ಪಿಸುತ್ತಿದ್ದಂತೆಯೇ ಹೇಮಶ್ರೀ ಬಿರುಗಾಳಿಯ ಹಾಗೆ ಅಂಗಳಕ್ಕಿಳಿದು ಹಿಡಿ ಮಣ್ಣು ಬಾಚಿಕೊಂಡಳು.

“ಒಪ್ಕೊಳಲ್ವಾ? ಆಗ್ಲಿ! ಮನೆದೇವ್ರು ನೋಡ್ಕೊಳ್ಳಿ! ನಮ್ಮಪ್ಪನ ಕ್ಯಾಮೆರಾ ದುಡ್ಡು ತಿಂದೋರ ಮನೆ ದೀಪ ಆರೋಗ್ಲಿ! ತಿಂದೋರ ಮಕ್ಕಳು...”

ಶಾಪ ಹಾಕಿ ತೂರಿದ ಮಣ್ಣು ಸುಮ್ಮನೆ ನೆಲಕ್ಕೆ ಬೀಳುವುದಿಲ್ಲ ಎಂದು ಹಿರೇನಲ್ಲೂರಿನ ತವರಲ್ಲಿ ಕೇಳಿಕೊಂಡೇ ಬೆಳೆದವಳು ಅನುಪಮಾ. ಅಯ್ಯೋ ಹುಚ್ಚಿ, ಯಾರ ಮಗುವಿಗೆ ಶಾಪ ಹಾಕುತ್ತಿದ್ದೀಯೆ! ಕಾರಿನ ಕಿಟಕಿಯಲ್ಲಿ ಧನ್ಯಶ್ರೀ ಗದ್ದವಿಟ್ಟುಕೊಂಡು ಅಮ್ಮನನ್ನು ನೋಡುತ್ತಿತ್ತು. ಅನುಪಮಾ ಒಂದೇ ಉಸಿರಿಗೆ ಓಡಿ ಬಂದು ನಾದಿನಿಯ ಮಣಿಕಟ್ಟು ಹಿಡಿದಳು.

“ಬೇಡ ಹೇಮಾ! ತೂರಬೇಡ ಕಣೇ! ನಾನೇ... ನಾನೇ ಮಾರಿದ್ದು!”

ಹೇಮಶ್ರೀಯ ಬೆರಳು ಸಡಿಲಿ ಮಣ್ಣು ಅವಳ ಕಾಲ ಮೇಲೆಯೇ ಸುರಿಯಿತು. ಸುರೇಶ ಕಾರಿನ ಬಾಗಿಲು ಹಿಡಿದು ನಿಂತವನು ಬಿಳಿಚಿಕೊಂಡ.

“ನೀನಾ?” ತಿಮ್ಮೇಶ್ ಕೇಳಿದ್ದು ಅಷ್ಟೇ. ಅವನ ಧ್ವನಿಯಲ್ಲಿ ಸಿಟ್ಟು ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ, ಅದೂ ಇರಲಿಲ್ಲ. ಅನುಪಮಾ ತಲೆ ತಗ್ಗಿಸಿ ಹೂಂ ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು ಹೊರಟುಹೋದ.

“ಥೂ, ನಿನ್ನ ಬಾಳಿಗಿಷ್ಟು!” ವಿಮಲಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗೆ ನಡೆದರು. “ನಿನ್ನ ಮಾವ ಇದನ್ನ ನೋಡಕ್ಕೆ ಮೊದ್ಲೇ ಹೋದ್ರಲ್ಲ, ಅವರೇ ಪುಣ್ಯವಂತರು.”

ಆಗ ಸುರೇಶ ಕೆಮ್ಮಿದ. ಎಲ್ಲರ ಕಣ್ಣು ತಪ್ಪಿಸಿ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ.

“ಹೋಗ್ಲಿ ಬಿಡು ಹೇಮಾ. ಅಕ್ಕ ಏನೋ ಕಷ್ಟಕ್ಕೆ ಮಾಡ್ಕೊಂಡಿರ್ತಾರೆ. ಕ್ಷಮಿಸಿಬಿಡಾಣ.”

ಹೇಮಶ್ರೀ ಗಂಡನ ಎದೆಗೆ ಮುಖವಿಟ್ಟು ಬಿಕ್ಕಿದಳು. “ನೋಡ್ರಿ ಅತ್ತಿಗೆ, ನೋಡಿ ಕಲೀರಿ! ನಮ್ಮನೆಯವರು ಅವತ್ತೂ ಒಂದು ಪೈಸೆಗೆ ಆಸೆಪಟ್ಟೋರಲ್ಲ, ಇವತ್ತೂ ಅಲ್ಲ...”

“ನಿಜ ಕಣೇ” ಎಂದಳು ಅನುಪಮಾ. ಸುರೇಶನತ್ತ ತಿರುಗಿ ಕೈ ಮುಗಿದಳು. “ನಿಮ್ದು ದೊಡ್ಡ ಮನಸ್ಸು ಅಣ್ಣಾ. ಇವಳನ್ನ ಚೆನ್ನಾಗಿ ನೋಡ್ಕೊಳ್ಳಿ.”

ಅವನು ತಲೆ ತಗ್ಗಿಸಿಕೊಂಡೇ ಹೆಂಡತಿಯನ್ನು ಕಾರು ಹತ್ತಿಸಿದ. ಕಾರು ಹೊರಟಾಗ ಧನ್ಯಶ್ರೀ ಕಿಟಕಿಯಿಂದ ಕೈ ಬೀಸಿ, “ಅತ್ತೆ, ಹೋಗ್ಬತ್ತೀನಿ!” ಎಂದು ಕೂಗಿತು. ಮರುಗಳಿಗೆಯೇ ಒಳಗಿನಿಂದ ಒಂದು ಕೈ ಬಂದು ಆ ಮಗುವಿನ ಕೈಯನ್ನು ಒಳಕ್ಕೆಳೆದು, ಗಾಜು ಏರಿಸಿತು. ಅದು ಹೇಮಶ್ರೀಯ ಕೈ.