ಬಾತುಕೋಳಿಯ ಹೊಟ್ಟೆಯಲ್ಲಿ ವಜ್ರ

ಸ್ಕೂಟರ್ ನೇರವಾಗಿ ನನ್ನ ಮೇಲೇ ಬರುತ್ತಿತ್ತು!

ನನ್ನ ಹಿಂದೆ ಹಡಗಿನ ಕಟಕಟೆ. ಅದರಾಚೆ ಹೊಂಡುರಾಸ್ ದೇಶದ ಸಮುದ್ರ. ಎಡಗಡೆ ಐಸ್‌ಕ್ರೀಮ್ ಮೆಷಿನ್. ಬಲಗಡೆ ಬಿಸಿನೀರಿನ ತೊಟ್ಟಿ, ಅದರಲ್ಲಿ ಕುತ್ತಿಗೆವರೆಗೂ ಮುಳುಗಿ ಕೂತಿದ್ದ ನಾಲ್ವರು ಮುದುಕರು.

ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

“ಆ ಬಾತುಕೋಳಿ ಕೆಳಗಿಡು, ಹನೀ...”

ಹೇಳಿದವಳು ಲೋರೀನ್. ಸೌತ್ ಕರೋಲಿನಾದವಳು. ವಯಸ್ಸು ಎಪ್ಪತ್ತು ದಾಟಿದೆ. ತಲೆಯ ಮೇಲೆ ಹುಲ್ಲಿನ ಹ್ಯಾಟು. ಮಂಡಿನೋವಿನವರು ಕೂತು ಓಡಿಸುವ ಬ್ಯಾಟರಿ ಸ್ಕೂಟರ್ ಹತ್ತಿ, ಹಲ್ಲು ಕಚ್ಚಿಕೊಂಡು ಬರುತ್ತಿದ್ದಳು.

“ಇಡಲ್ಲ ಅಂದ್ರೆ?” ಎಂದೆ.

“ಗುದ್ದಿಬಿಡ್ತೀನಿ!”

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಆ ಕಡೆಯವರ ರಾಗ ಕನ್ನಡಕ್ಕೆ ಬರುವುದಿಲ್ಲ, ನೀವೇ ಸೇರಿಸಿಕೊಳ್ಳಿ.

ಒಂದೇ ಒಂದು ಅನುಕೂಲವಿತ್ತು. ಆ ಸ್ಕೂಟರ್ ನಡೆಯುವವರಿಗಿಂತಲೂ ನಿಧಾನ. ಅವಳು ಇನ್ನೂ ಡೆಕ್ಕಿನ ಆ ತುದಿಯಲ್ಲಿದ್ದಳು.

ಬಂದು ಗುದ್ದುವಷ್ಟರಲ್ಲಿ ನಿಮಗೆ ಹಿಂದಿನದನ್ನೆಲ್ಲ ಹೇಳಿಬಿಡುತ್ತೇನೆ.

ನಾನು ಸಿದ್ದೇಶ್ವರಿ. ಊರು ಅಮೆರಿಕದ ಜಾರ್ಜಿಯಾದ ಲಾರೆನ್ಸ್‌ವಿಲ್. ಇನ್ಷೂರೆನ್ಸ್ ಕಂಪನಿಗಳಿಗೆ ಪತ್ತೇದಾರಿ ಮಾಡುತ್ತೇನೆ. ಬೆನ್ನುಮೂಳೆ ಮುರಿದಿದೆ ಎಂದು ಕ್ಲೇಮ್ ಹಾಕಿ ಮಗಳ ಮದುವೆಯಲ್ಲಿ ಕುಣಿಯುವವರಿರುತ್ತಾರಲ್ಲ... ಅವರ ಫೋಟೋ ತೆಗೆಯುವುದು ನಾನು. ಜನ ನನಗೆ ನಾಯಿ ಛೂ ಬಿಟ್ಟಿದ್ದಾರೆ. ಒಣಗಿದೆಲೆ ಊದಿ ಓಡಿಸುವ ಲೀಫ್ ಬ್ಲೋವರ್ ಹಿಡಿದು ಅಟ್ಟಿಸಿಕೊಂಡು ಬಂದಿದ್ದಾರೆ. ಇಬ್ಬರು ಕೈ ಮಾಡಲು ಬಂದು ಮೂಗಿಗೆ ಗುದ್ದಿಸಿಕೊಂಡು ಹೋಗಿದ್ದಾರೆ.

ನನಗೂ ರೆಸ್ಟ್ ಬೇಕಲ್ಲ! ಅದಕ್ಕೇ ಈ ಕ್ರೂಸ್. ಫ್ಲೋರಿಡಾದಿಂದ ಹೊರಟು ಕೋಜುಮೆಲ್, ಬೆಲೀಜ್, ರೋವಾಟಾನ್ ನೋಡಿಕೊಂಡು ವಾಪಸ್. ಗಂಡ ಯಾಕೆ ಬರಲಿಲ್ಲ ಎಂದು ಕೇಳಬೇಡಿ. ಅವರಿಗೆ ಉಯ್ಯಾಲೆ ನೋಡಿದರೂ ವಾಂತಿ.

ಹೊಂಡುರಾಸಿನ ರೋವಾಟಾನ್ ದ್ವೀಪ ತಲುಪಿದ ಬೆಳಿಗ್ಗೆ ಬಫೆಯಲ್ಲಿ ಆಮ್ಲೆಟ್‌ಗೆ ಕ್ಯೂ ನಿಂತಿದ್ದೆ. ಹಿಂದಿನಿಂದ ಅಚ್ಚ ಮೈಸೂರು ಕನ್ನಡ ಕೇಳಿಸಿತು.

“ನಿಮ್ಗೆ ಬುದ್ಧಿ ಇದ್ಯೇನ್ರೀ? ಯಾರನ್ನ ಕೇಳಿ ಎತ್ಕೊಂಡು ಹೋದ್ರಿ?”

“ಅದರೊಳಗೆ ಏನಿದೆ ಅಂತ ನಂಗೇನು ಗೊತ್ತು ಗೌಹರ್?”

ಮನೆಯಲ್ಲಿ ಉರ್ದು ಮಾತಾಡುವವರು ಜಗಳ ಮಾತ್ರ ಕನ್ನಡದಲ್ಲಿ ಆಡುತ್ತಿದ್ದರು. ಸುತ್ತ ಯಾರಿಗೂ ಅರ್ಥವಾಗದಿರಲಿ ಎಂದಿರಬೇಕು. ಪಾಪ, ನನ್ನ ಹಣೆಬರಹ ನೋಡಿ!

ತಿರುಗಿದೆ. “ಏನು ಕಳ್ಕೊಂಡ್ರಿ?”

ಇಬ್ಬರೂ ಬೆಚ್ಚಿಬಿದ್ದರು. ಆಮೇಲೆ ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟರು.

ಗೌಹರ್, ಬಷೀರ್. ಗಂಡ ಹೆಂಡತಿ. ವರ್ಜೀನಿಯಾದ ಆಶ್‌ಬರ್ನ್‌ನಿಂದ ಬಂದವರು. ಬಷೀರ್ ಅಲ್ಲಿ ಡೇಟಾ ಸೆಂಟರ್ ಒಂದರಲ್ಲಿ ಸೇಫ್ಟಿ ಮ್ಯಾನೇಜರ್.

“ವಜ್ರದ ಮೂಗುಬೊಟ್ಟು ಅಕ್ಕಾ. ನಮ್ಮ ಅಮ್ಮೀದು.”

“ಎಲ್ಲಿಟ್ಟಿದ್ರಿ?”

“ಬಾತುಕೋಳಿ ಹೊಟ್ಟೇಲಿ.”

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಈ ಉತ್ತರ ಕೇಳಿರಲಿಲ್ಲ.

ಈ ಹಡಗುಗಳಲ್ಲಿ ಒಂದು ಹುಚ್ಚಿದೆ. ಜನ ಮನೆಯಿಂದ ಅಂಗೈ ಅಗಲದ ರಬ್ಬರ್ ಬಾತುಕೋಳಿ ತಂದು ಮೆಟ್ಟಿಲ ಮೂಲೆಯಲ್ಲಿ, ಹೂಕುಂಡದ ಹಿಂದೆ ಬಚ್ಚಿಡುತ್ತಾರೆ. ಕುತ್ತಿಗೆಗೆ ಚೀಟಿ: ‘ಸಿಕ್ಕಿದರೆ ಇಟ್ಟುಕೊಳ್ಳಿ, ಇಲ್ಲವೇ ಮತ್ತೆ ಬಚ್ಚಿಡಿ.’ ದೊಡ್ಡವರೇ ಆಡುವ ಆಟ! ಕೋಜುಮೆಲ್‌ನಲ್ಲಿ ಬಷೀರ್‌ಗೆ ಒಂದು ಸಿಕ್ಕಿತ್ತು. ಕಡಲುಗಳ್ಳನ ವೇಷದ್ದು, ಒಂದು ಕಣ್ಣಿಗೆ ಕರಿಪಟ್ಟಿ. ತಂದು ರೂಮಿನ ಕನ್ನಡಿ ಮುಂದೆ ಇಟ್ಟಿದ್ದರು.

“ರೂಮಲ್ಲಿ ಸೇಫ್ ಇದ್ಯಲ್ಲ ಗೌಹರ್?”

“ಕಳ್ಳ ಮೊದ್ಲು ನೋಡೋದೇ ಸೇಫ್ ಅಲ್ವಾ ಅಕ್ಕಾ? ನಮ್ಮ ಆಶ್‌ಬರ್ನ್ ಕಡೆ ಇಂಡಿಯನ್ಸ್ ಮನೆಗೇ ನುಗ್ತಿದ್ದಾರೆ, ಚಿನ್ನ ಇರುತ್ತೆ ಅಂತ. ಅದಕ್ಕೇ ಜೊತೇಲಿ ತಂದೆ. ಮನೇಲಾದ್ರೆ ತೊಗರಿಬೇಳೆ ಡಬ್ಬದಲ್ಲಿ ಇಡ್ತೀನಿ. ಇಲ್ಲಿ ಬೇಳೆ ಎಲ್ಲಿಂದ ತರ್ಲಿ? ಬಾತುಕೋಳಿ ತಳದಲ್ಲಿ ಪೀಪಿ ತೂತು ಇತ್ತು. ಅದರೊಳಗೆ ತುರುಕಿಬಿಟ್ಟೆ.”

ವಾದಿಸಲು ಬಾಯಿ ತೆರೆದೆ. ಮುಚ್ಚಿದೆ. ನನ್ನ ಬಳೆಗಳು ಎಲ್ಲಿವೆ ಎಂದು ಹೇಳಲೇ? ರಾಗಿಹಿಟ್ಟಿನ ಡಬ್ಬದಲ್ಲಿ.

ಬಷೀರ್ ಕಡೆ ತಿರುಗಿದೆ.

“ನೀವು ಹೇಳಿ ಸಾಹೇಬ್ರೇ.”

“ಚೀಟೀಲಿ ಬರ್ದಿತ್ತು ಮೇಡಂ... ಇಟ್ಕೊಳ್ಳಿ ಇಲ್ಲಾ ಬಚ್ಚಿಡಿ ಅಂತ. ನಾವು ಇಟ್ಕೊಂಡಿದ್ದಾಯ್ತು. ಬೇರೆಯವರ್ಗೂ ಚಾನ್ಸ್ ಸಿಗ್ಲಿ ಅಂತ ನಿನ್ನೆ ಸಂಜೆ ಲೈಬ್ರರೀಲಿ ಬಚ್ಚಿಟ್ಟೆ.”

“ಬೇರೆ ಕೊಂಡ್ಕೊಂಡ್ರೆ ಆಗಲ್ವಾ?” ಎಂದು ಗೌಹರ್‌ಗೆ ಕೇಳಿದೆ. ಕೇಳಬಾರದಿತ್ತು.

“ಇಪ್ಪತ್ತೊಂದರ ಮೇ ತಿಂಗಳಲ್ಲಿ ಅಮ್ಮಿ ಹೋದ್ರು. ಕೋವಿಡ್. ನಂಗೆ ಹೋಗೋಕಾಗ್ಲಿಲ್ಲ. ಮಣ್ಣು ಹಾಕೋದನ್ನ ವಾಟ್ಸಾಪಲ್ಲಿ ನೋಡ್ದೆ ಅಕ್ಕಾ. ಮಧ್ಯದಲ್ಲಿ ಸಿಗ್ನಲ್ ಹೋಯ್ತು. ಅವರ ಮೈಮೇಲಿದ್ದದ್ದು ಅಂತ ನನ್ ಕೈ ಸೇರಿದ್ದು ಅದೊಂದೇ.”

ನನಗೆ ಸಿಟ್ಟು ಬಂತು. ಅಳು ಬರಬೇಕಾದಾಗಲೆಲ್ಲ ನನಗೆ ಸಿಟ್ಟೇ ಬರುವುದು.

“ನಡೀರಿ!” ಎಂದೆ. ಆಮ್ಲೆಟ್ ಅಲ್ಲೇ ಬಿಟ್ಟೆ.

ಲೈಬ್ರರಿಯಲ್ಲಿ ಬಾತುಕೋಳಿ ಇರಲಿಲ್ಲ. ಒಬ್ಬ ದಪ್ಪ ಮೀಸೆಯ ಮುದುಕ ಮಾತ್ರ ಇದ್ದ. ಮೇಜಿನ ತುಂಬ ಜಿಗ್ಸಾ ಪಜಲ್. ಹಿಮಾಲಯದ ಚಿತ್ರ, ಮುಕ್ಕಾಲು ಮುಗಿದಿತ್ತು.

“ಇಲ್ಲೊಂದು ಬಾತುಕೋಳಿ ಇತ್ತು. ಯಾರು ತಗೊಂಡ್ರು?”

“ನಾನು ಚಾಡಿಕೋರ ಅಲ್ಲ,” ಎಂದ ತಲೆ ಎತ್ತದೆ.

ಪಜಲ್‌ನ ಒಂದು ತುಂಡು ಎತ್ತಿಕೊಂಡೆ. ಬರೀ ನೀಲಿ ಆಕಾಶದ ತುಂಡು. ಅವನ ಬಿಸಿ ಕಾಫಿ ಲೋಟದ ಮೇಲೆ ಹಿಡಿದೆ.

ಮೀಸೆ ಅದುರಿತು. “ನೀನು ಹಾಗೆ ಮಾಡಲ್ಲ...”

“ಲಾರೆನ್ಸ್‌ವಿಲ್‌ನಲ್ಲಿ ಕೇಳಿ ನೋಡು!”

ಬೆರಳು ಸ್ವಲ್ಪ ಸಡಿಲಿಸಿದೆ.

“ಲೋರೀನ್!” ಎಂದು ಕಿರುಚಿದ. “ಸೌತ್ ಕರೋಲಿನಾದವಳು! ಸ್ಕೂಟರಲ್ಲಿ ಓಡಾಡ್ತಾಳೆ! ಪೋರ್ಟ್ ಬಂದಾಗಲೆಲ್ಲ ಇಳಿದು ಊರಿನವರಿಗೆ ಬಾತುಕೋಳಿ ಹಂಚ್ತಾಳೆ. ಈಗ ತಾನೇ ಇಳಿದಳು... ದಯವಿಟ್ಟು ಆ ಆಕಾಶ ಕೊಡು!”

ಕೊಟ್ಟೆ. ಗೌಹರ್ ಮುಖ ಬಿಳಿಚಿಕೊಂಡಿತ್ತು. ಮೂಗುಬೊಟ್ಟು ರೋವಾಟಾನ್‌ನಲ್ಲಿ ಯಾರದೋ ಕೈಗೆ ಹೋದರೆ ಮುಗಿಯಿತು. ಸಂಜೆ ಹಡಗು ಹೊರಟ ಮೇಲೆ ಅದನ್ನು ಹುಡುಕಲು ಯಾರಿಂದಲೂ ಸಾಧ್ಯವಿಲ್ಲ.

ಇಳಿದು ಓಡಿದೆವು. ಟ್ಯಾಕ್ಸಿ ಹತ್ತಿದೆವು. ಲೋರೀನ್ ಹೋದ ದಾರಿ ಹುಡುಕಲು ಪತ್ತೇದಾರಿಕೆಯೇ ಬೇಕಿರಲಿಲ್ಲ. ಹಣ್ಣಿನಂಗಡಿಯಲ್ಲಿ ಒಂದು ಬಾತುಕೋಳಿ. ಟೋಪಿ ಅಂಗಡಿಯಲ್ಲಿ ಒಂದು. ಗೌಹರ್ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬಷೀರ್ ಒಂದೊಂದರ ಚೀಟಿಯನ್ನೂ ಪೂರ್ತಿ ಓದಿದರು. ಯಾವುದೂ ಕಡಲುಗಳ್ಳನಲ್ಲ.

“ಆ ಹ್ಯಾಟಿನ ಅಜ್ಜಿಯೇ?” ಎಂದ ಡ್ರೈವರ್. “ಸ್ಲಾತ್ ನೋಡೋಕೆ ಹೋಗಿರ್ತಾರೆ. ಎಲ್ಲರೂ ಅಲ್ಲಿಗೇ ಹೋಗೋದು.”

ಸ್ಲಾತ್ ಎಂದರೆ ಮರಕ್ಕೆ ಜೋತುಬಿದ್ದು ಬದುಕುವ ಪ್ರಾಣಿ. ಅದಕ್ಕೆ ಯಾವುದಕ್ಕೂ ಅವಸರವಿಲ್ಲ. ನಾವು ಹೋದಾಗ ಲೋರೀನ್ ಅಲ್ಲಿರಲಿಲ್ಲ. ಕೊಂಬೆಯ ಮೇಲೊಂದು ಸ್ಲಾತ್ ಇತ್ತು. ಅದರ ತೋಳಿನ ಸಂದಿಯಲ್ಲಿ ಹಳದಿ ಬಾಲವೊಂದು ಇಣುಕುತ್ತಿತ್ತು.

“ಅಜ್ಜಿ ಕೊಟ್ಟಿದ್ದು,” ಎಂದಳು ಅದನ್ನು ನೋಡಿಕೊಳ್ಳುವ ಹುಡುಗಿ. “ಬಹಳ ಇಷ್ಟವಾಗಿಬಿಟ್ಟಿದೆ. ಎಳೆಯಬೇಡಿ. ಅದೇ ಬಿಡುತ್ತೆ.”

“ಯಾವಾಗ?”

“ಬೇಜಾರಾದಾಗ.”

ಕಾದೆವು. ನನಗೆ ಕೊಲೆ ಬೆದರಿಕೆ ಹಾಕಿದವರ ಮನೆ ಮುಂದೆ ಕಾರಿನಲ್ಲಿ ಕೂತು ಕಾದವಳು ನಾನು... ಆದರೆ ಇಂಥ ಕಾಯುವಿಕೆ ಕಂಡಿಲ್ಲ! ಸ್ಲಾತ್ ನಮ್ಮನ್ನು ನೋಡಿತು. ಒಂದು ಕಣ್ಣು ಮುಚ್ಚಿತು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಮುಚ್ಚಿತು.

“ಯಾ ಅಲ್ಲಾಹ್, ಮಲ್ಕೊಳ್ತು!” ಎಂದರು ಗೌಹರ್.

ಅದು ನಿದ್ದೆಯಲ್ಲಿ ತೋಳು ಸಡಿಲಿಸಿತು. ಬಾತುಕೋಳಿ ಬಿತ್ತು. ಹಾರಿ ಹಿಡಿದೆ.

ತಲೆಗೆ ಬಿಳಿ ಟೋಪಿ. ಕೈಯಲ್ಲಿ ಸೌಟು. ಅಡುಗೆಭಟ್ಟ ಬಾತುಕೋಳಿ!

ಅಷ್ಟರಲ್ಲಿ ದೂರದಲ್ಲಿ ಹಡಗಿನ ಹಾರನ್.

ಟ್ಯಾಕ್ಸಿಯವನು ಹಡಗುಕಟ್ಟೆಯ ತುದಿಗೆ ಬಿಟ್ಟ. ಹಡಗಿನ ಬಾಗಿಲು ಮುಚ್ಚುವುದರಲ್ಲಿದ್ದರು. ಬಾಲ್ಕನಿಗಳಲ್ಲಿ ಜನ ಸಾಲಾಗಿ ನಿಂತು ಬಿಯರ್ ಹಿಡಿದು ಕೂಗುತ್ತಿದ್ದರು. ತಡವಾಗಿ ಬಂದವರು ಓಡುವುದನ್ನು ನೋಡುವುದು ಅವರಿಗೆ ಮ್ಯಾಚ್ ಇದ್ದ ಹಾಗೆ. ನಾನು ಓಡಿದೆ. ಗೌಹರ್ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ತಿರುಗಿ ನೋಡಿದರೆ ಬಷೀರ್ ನಡೆದು ಬರುತ್ತಿದ್ದರು!

“ಓಡ್ರೀ!”

“ಓಡ್ಬಾರ್ದು ಅಂತ ಬೋರ್ಡ್ ಹಾಕಿದ್ದಾರೆ ಮೇಡಂ!”

ಗೌಹರ್ ಹಿಂದಕ್ಕೆ ಓಡಿ ಗಂಡನ ಕಾಲರ್ ಹಿಡಿದು ಎಳೆದುಕೊಂಡು ಬಂದರು. ಬಾಲ್ಕನಿಗಳಲ್ಲಿ ಶಿಳ್ಳೆಯೋ ಶಿಳ್ಳೆ. ಬಾಗಿಲು ನಮ್ಮ ಹಿಂದೆಯೇ ಮುಚ್ಚಿತು.

ಗೌಹರ್ ಅಲ್ಲೇ ನೆಲದ ಮೇಲೆ ಕುಸಿದು ಕೂತರು. “ಹೋಯ್ತು ಬಿಡಿ ಅಕ್ಕಾ,” ಎಂದರು ಮೆಲ್ಲಗೆ. ಅಳಲೂ ಇಲ್ಲ. ಅದನ್ನು ನೋಡಲಾಗಲಿಲ್ಲ. ಅವರನ್ನು ಗಂಡನ ಕೈಗೆ ಒಪ್ಪಿಸಿ ಮೇಲಿನ ಡೆಕ್ಕಿಗೆ ಹತ್ತಿದೆ. ಆ ಮುದುಕಿಯನ್ನು ಹಿಡಿದು ಬಾಯಿ ಬಿಡಿಸಬೇಕೆಂದು ಹೊರಟಿದ್ದೆ.

ಅಲ್ಲಿ ಅವಳ ಸ್ಕೂಟರ್ ನಿಂತಿತ್ತು. ಅವಳು ಮೆಷಿನ್ ಮುಂದೆ ಐಸ್‌ಕ್ರೀಮ್ ಹಾಕಿಕೊಳ್ಳುತ್ತಿದ್ದಳು. ಸ್ಕೂಟರಿನ ಬುಟ್ಟಿಯಲ್ಲಿ ಒಂದು ಬಾತುಕೋಳಿ. ಕಣ್ಣಿಗೆ ಕರಿಪಟ್ಟಿ!

ಕೇಳಬಹುದಿತ್ತು. ಕೇಳಲಿಲ್ಲ, ಕಿತ್ತುಕೊಂಡು ಓಡಿದೆ. ಅವಳು ಸ್ಕೂಟರ್ ಹತ್ತಿದಳು. ಡೆಕ್ ಪೂರ್ತಿ ಒಂದು ಸುತ್ತು ಹಾಕಿದೆ. ಸುತ್ತಿ ಬಂದು ಅದೇ ಐಸ್‌ಕ್ರೀಮ್ ಮೆಷಿನ್ ಹತ್ತಿರ ಸಿಕ್ಕಿಬಿದ್ದೆ.

ಇಗೋ... ಸ್ಕೂಟರ್ ಬಂತು.

ಮಂಡಿಗೆ ತಗುಲಿತು. ಮೆತ್ತಗೆ. ಆದರೂ ಮಂಡಿಯಲ್ಲವೇ, ಜೀವ ಹೋದಂತಾಯಿತು! ಬೀಳುತ್ತಲೇ ಪಕ್ಕದ ಟೇಬಲ್ಲಿನ ಬೆಣ್ಣೆ ಚಾಕು ಎಳೆದುಕೊಂಡೆ. ಬಾತುಕೋಳಿಯ ಹೊಟ್ಟೆ ಸೀಳಿದೆ.

ಒಳಗೆ ಏನೂ ಇರಲಿಲ್ಲ.

ತೊಟ್ಟಿಯ ಮುದುಕರು ಒಟ್ಟಿಗೆ “ಓ...” ಎಂದರು.

“ಏನು ಹುಡುಕ್ತಾ ಇದ್ದೀಯ?” ಲೋರೀನ್ ಕಣ್ಣು ಸಣ್ಣದು ಮಾಡಿದಳು.

“ನಿನಗೆ ಗೊತ್ತು!”

“ನೀನೇ ಹೇಳು. ಬಾತುಕೋಳೀಲಿ ಏನೋ ಸಿಕ್ತು ಅಂತ ಊಟದ ಟೇಬಲ್ಲಲ್ಲಿ ಹೇಳಿದೆ ನೋಡು, ಅದೇ ತಪ್ಪಾಯ್ತು. ಒಬ್ಬ ತನ್ನ ರಿಸ್ಟ್‌ವಾಚ್ ಅಂದ. ಒಬ್ಬಳು ತನ್ನ ಹಲ್ಲು ಅಂದಳು. ಸರಿಯಾಗಿ ಹೇಳಿದವರಿಗೆ ಕೊಡ್ತೀನಿ.”

“ಮೂಗುಬೊಟ್ಟು! ವಜ್ರದ್ದು!”

ಅವಳ ಮುಖ ಸ್ವಲ್ಪ ಸಡಿಲವಾಯಿತು. “ಎಷ್ಟು ವಜ್ರ?”

ನನಗೆ ಗೊತ್ತಿರಲಿಲ್ಲ.

“ಆರು!” ಹಿಂದಿನಿಂದ ಧ್ವನಿ. ಏದುಸಿರು ಬಿಡುತ್ತ ಗೌಹರ್ ಬಂದಿದ್ದರು. “ಆರು ವಜ್ರ, ಒಂದು ಗಾಜು. ಪಾತ್ರೆ ತೊಳೆಯುವಾಗ ಒಂದು ಕಲ್ಲು ಬಿದ್ದುಹೋಯ್ತು. ನಮ್ಮ ಅಬ್ಬಾ ಬೈತಾರೆ ಅಂತ ಅಮ್ಮಿ ಗಾಜು ಕೂರಿಸ್ಕೊಂಡ್ರು. ಸಾಯೋವರೆಗೂ ಅಬ್ಬಾಗೆ ಗೊತ್ತಾಗ್ಲಿಲ್ಲ. ನಂಗೊಬ್ಳಿಗೇ ಗೊತ್ತು.”

ಗಾಬರಿಯಲ್ಲಿ ಅವರು ಕನ್ನಡದಲ್ಲೇ ಹೇಳಿದ್ದರು, ನಾನು ಲೋರೀನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ.

ಲೋರೀನ್ ಸೊಂಟದ ಚೀಲ ತೆರೆದಳು. ಟಿಶ್ಯೂ ಬಿಚ್ಚಿದಳು. ಬಿಸಿಲಿಗೆ ಆರು ಕಲ್ಲು ಝಗ್ಗೆಂದವು. ಏಳನೆಯದು ಸುಮ್ಮನಿತ್ತು.

“ಲೈಬ್ರರೀಲಿ ಎತ್ತಿಕೊಂಡಾಗಲೇ ಗಲಗಲ ಅಂತು,” ಎಂದಳು. “ನಮ್ಮಮ್ಮನೂ ಉಂಗುರ ಹಿಟ್ಟಿನ ಡಬ್ಬದಲ್ಲೇ ಇಡ್ತಿದ್ದಳು.” ಆಮೇಲೆ ನನ್ನ ಕಡೆ ತಿರುಗಿದಳು. “ಬಾಯಿಬಿಟ್ಟು ಕೇಳಿದ್ದರೆ ಕೊಡ್ತಿದ್ದೆ. ನನ್ನ ಬಾತುಕೋಳಿ ಯಾಕೆ ಕೊಯ್ದೆ?”

ಅಡುಗೆಭಟ್ಟ ಬಾತುಕೋಳಿಯನ್ನು ಬ್ಯಾಗಿನಿಂದ ತೆಗೆದು ಕೊಟ್ಟೆ. ರಾಜಿಯಾಯಿತು.

ಗೌಹರ್ ಹಿಂದೆಯೇ ಬಂದಿದ್ದ ಬಷೀರ್ ಈಗ ಮುಂದೆ ಬಂದರು. “ಈಗ್ಲಾದ್ರೂ ಸೇಫಲ್ಲಿ ಇಡೋಣ ಗೌಹರ್.”

“ಇಲ್ಲ.” ಗೌಹರ್ ಮೂಗುಬೊಟ್ಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು. “ಇಷ್ಟು ವರ್ಷ ಬಚ್ಚಿಟ್ಟು ಬಚ್ಚಿಟ್ಟು ಅವರನ್ನ ಬೇಳೇಲಿ ಹೂತ ಹಾಗಾಯ್ತು. ಹಾಕ್ಕೋತೀನಿ. ಅಕ್ಕಾ, ನೀವೇ ಹಾಕಿ.”

“ತೂತು?”

“ಮುಚ್ಚಿಹೋಗಿದೆ. ಚುಚ್ಚಿ!”

ಲೋರೀನ್ ಸ್ಯಾನಿಟೈಜರ್ ಬಾಟಲಿ ಮುಂದೆ ಹಿಡಿದಳು. ಇದಕ್ಕೆ ಪರ್ಮಿಷನ್ ಬೇಕೇನೋ ಎಂದು ಬಷೀರ್ ಸುತ್ತ ಬೋರ್ಡ್ ಹುಡುಕಿದರು. ಮೂಗನ್ನೂ ಮೂಗುಬೊಟ್ಟನ್ನೂ ಒರೆಸಿದೆ.

ಮೂಗುಬೊಟ್ಟಿನ ಕಡ್ಡಿಯನ್ನು ಹಳೆಯ ತೂತಿನ ಗುರುತಿನ ಮೇಲಿಟ್ಟೆ. ಒತ್ತಿದೆ.

ಗೌಹರ್ ಕಿರುಚಿದ್ದು ಕ್ಯಾಪ್ಟನ್‌ಗೂ ಕೇಳಿಸಿರಬೇಕು. ಸೆಕ್ಯುರಿಟಿಯವರಿಬ್ಬರು ಓಡಿ ಬಂದರು. ತುಟಿಯವರೆಗೂ ರಕ್ತ, ಕೆನ್ನೆಯ ತುಂಬ ಕಣ್ಣೀರು, ನಡುವೆ ಏಳು ಕಲ್ಲು. ಗೌಹರ್ ನಗುತ್ತಿದ್ದರು.

“ಯಾರು ಮೇಡಂ ನಿಮ್ಮ ಮೇಲೆ ಕೈ ಮಾಡಿದ್ದು?” ಎಂದ ಒಬ್ಬ.

ಗೌಹರ್ ನನ್ನನ್ನು ತೋರಿಸಿದರು. ಆಮೇಲೆ ತಬ್ಬಿಕೊಂಡರು.

“ಥ್ಯಾಂಕ್ಸ್ ಅಕ್ಕಾ.”

ಈ ಕೈಯಿಂದ ಮೂಗಿನಲ್ಲಿ ರಕ್ತ ಬರಿಸಿಕೊಂಡವರು ಈಗ ಮೂವರಾದರು. ಮೊದಲಿನ ಇಬ್ಬರು ನನ್ನ ಮೇಲೆ ಕೇಸ್ ಹಾಕಿದ್ದಾರೆ!