ಮುಖವಿದ್ದ ಬಿಲ್ಲೆ

“ತೆಗೆಯೇ ಅದನ್ನ! ಕತ್ತಿಂದ ತೆಗೆದು ಹಾಕು ಅಂದೆ!”

ಲಕ್ಷ್ಮೀನರಸಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ಠಣ್ಣೆಂದು ನೆಲಕ್ಕೆ ಬಿತ್ತು. ಕುಂಕುಮದ ನೀರು ದೇವರ ಕೋಣೆಯ ಹೊಸ್ತಿಲಿಂದ ನಡುಮನೆಯವರೆಗೂ ಹರಿಯಿತು. ಸೊಸೆ ಶೈಲಜಾ ಮಣೆಯ ಮೇಲೆ ಕೂತವಳು ಕೂತಂತೆಯೇ ಇದ್ದಳು. ತಾಳಿಯ ಪಕ್ಕ ಈಗಷ್ಟೇ ಕಟ್ಟಿಕೊಂಡಿದ್ದ ಬೆಳ್ಳಿ ಬಿಲ್ಲೆಯನ್ನು ಅವಳ ಕೈ ತಾನಾಗಿಯೇ ಮುಚ್ಚಿಕೊಂಡಿತು.

“ಮಾಡು ಅಂದೋರು ನೀವೇ ಅಲ್ವಾ ಅತ್ತೆ? ಒಂಬತ್ತು ದಿನ ಕೂತು ಮಾಡಿದೀನಿ...”

“ಬಿಲ್ಲೆ ಮಾಡು ಅಂದೆ. ಅವಳನ್ನ ಮಾಡು ಅಂದ್ನಾ?”

ಅಷ್ಟು ಹೇಳಿ ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋದಳು. ಮುತ್ತೈದೆಯರಿಗೆಂದು ಮಾಡಿಟ್ಟಿದ್ದ ಹೆಸರುಬೇಳೆ ಪಾಯಸ ಸಂಜೆಯವರೆಗೂ ಹಾಗೇ ತಣ್ಣಗೆ ಕೂತಿತ್ತು.

ಆ ಬಿಲ್ಲೆಯ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಬಂದವಳು ಸತ್ತವಳ ಹೆಸರಿನಲ್ಲಿ ಒಂದು ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು; ಇಲ್ಲದಿದ್ದರೆ ಸತ್ತವಳು ಬಂದವಳ ಒಡಲಿನ ಮೇಲೆ ಕಣ್ಣು ಹಾಕುತ್ತಾಳೆ ಎಂದು ಆ ಕಡೆಯ ಹಳೆಯ ಮನೆಗಳ ನಂಬಿಕೆ. ಅದಕ್ಕೆ ಸವತಿ ಬಿಲ್ಲೆ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಚಲಪತಿ ಶೈಲಜಾಳನ್ನು ಮದುವೆಯಾಗಿ ಮಂಚೇನಹಳ್ಳಿಯ ಈ ಮನೆಗೆ ಕರೆತಂದಾಗ, “ಅದೆಲ್ಲ ಹಳೇ ಕಾಲದ್ದು ಬಿಡಮ್ಮ” ಎಂದು ತಾಯಿಯ ಮಾತನ್ನು ತಳ್ಳಿಹಾಕಿದ್ದ. ಆಮೇಲೆ ಶೈಲಜಾಳಿಗೆ ಎರಡು ಸಲ ಬಸಿರು ನಿಂತು ಎರಡೂ ಇಳಿದುಹೋದವು. ಮೂರನೆಯದು ನಿಂತಾಗ ಲಕ್ಷ್ಮೀನರಸಮ್ಮ ಮಗನನ್ನು ಕೇಳಲು ಹೋಗಲಿಲ್ಲ. ಮೊದಲ ಸೊಸೆ ಶಿರೀಷಾಳ ಬೆಳ್ಳಿ ಕಾಲ್ಗೆಜ್ಜೆಯನ್ನೂ, ಅವಳ ಮೂಗುಬೊಟ್ಟಿನ ಕೆಂಪು ಕಲ್ಲನ್ನೂ ಬಟ್ಟೆಯಲ್ಲಿ ಸುತ್ತಿ ತಂದು ಶೈಲಜಾಳ ಮುಂದಿಟ್ಟಳು.

“ಊರೋರಿಗೆಲ್ಲ ಒಡವೆ ಮಾಡ್ತೀಯಲ್ಲ, ಇವಳಿಗೂ ಒಂದು ಮಾಡು. ಇವಳು ತೃಪ್ತಿಯಾದ್ರೆ ನಿನ್ನ ಹೊಟ್ಟೇಲಿ ಇರೋದು ಉಳಿಯುತ್ತೆ.”

ಈ ಮಾತಿನಲ್ಲೂ ಶೈಲಜಾಳ ಹೆಸರಿರಲಿಲ್ಲ. ಎರಡು ವರ್ಷದಲ್ಲಿ ಅತ್ತೆ ಒಂದೇ ಒಂದು ಸಲ ‘ಶೈಲಜಾ’ ಎಂದು ಕರೆದವಳಲ್ಲ. ‘ಏ ಇವಳೇ’, ‘ಬಂದವಳು’, ಮೈಮರೆತಾಗ ‘ಶಿರೀಷಾ’. ಹಾಗೆ ಕರೆದ ಮೇಲೆ ನಾಲಿಗೆ ಕಚ್ಚಿಕೊಂಡು, ತಪ್ಪು ಈ ಹುಡುಗಿಯದೇ ಎಂಬಂತೆ ದುರುಗುಟ್ಟಿಕೊಂಡು ಹೋಗುತ್ತಿದ್ದಳು. ಬೈಗಳನ್ನು ಶೈಲಜಾ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ತನ್ನ ಹೆಸರಿಗೇ ಜಾಗವಿಲ್ಲದ ಮನೆಯಲ್ಲಿ ತನ್ನ ಮಗುವಿಗೆ ಎಲ್ಲಿ ಜಾಗ ಎಂಬ ಯೋಚನೆ ಮಾತ್ರ ಅವಳನ್ನು ಬಿಡುತ್ತಿರಲಿಲ್ಲ.

ಶೈಲಜಾ ಅಕ್ಕಸಾಲಿಗರ ಮನೆಯವಳಲ್ಲ, ರಾಗಿ ಹೊಲದವರ ಮನೆಯವಳು. ಚಿಂತಾಮಣಿಯಲ್ಲಿ ಕಾಲೇಜಿಗೆ ಹೋಗುವಾಗ ಅಕ್ಕಸಾಲಿ ಮುನಿಶಾಮಪ್ಪನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಗಂಟುಬಿದ್ದು ಬೆಸುಗೆ ಹಾಕುವುದನ್ನು ಕಲಿತಳು. ಆಮೇಲೆ ಬೆಂಗಳೂರಿನಲ್ಲಿ ಆರು ತಿಂಗಳು ಕಲ್ಲು ಕೂರಿಸುವುದನ್ನೂ ಡಿಸೈನ್ ಬರೆಯುವುದನ್ನೂ ಕಲಿತು ಬಂದಳು. ಈಗ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಅವಳು ಮಾಡುವ ಉಂಗುರ, ಓಲೆಗಳು ಫೋನಿನಲ್ಲೇ ಮಾರಾಟವಾಗುತ್ತಿದ್ದವು. ನೂರಕ್ಕೆ ತೊಂಬತ್ತೆರಡೂವರೆ ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಬರೀ ಬೆಳ್ಳಿ ತೀರಾ ಮೆತ್ತಗೆ, ಹಿಡಿದ ಕಲ್ಲನ್ನು ಕೈಬಿಡುತ್ತದೆ. ಚೂರು ತಾಮ್ರ ಸೇರಿದರೇ ಅದಕ್ಕೆ ಗಟ್ಟಿತನ.

ಅವಳು ಶಿರೀಷಾಳ ಗೆಜ್ಜೆಯನ್ನು ಮೂಸೆಯಲ್ಲಿ ಕರಗಿಸಿದಳು, ಬಿಳಿಗಾರ ಹಾಕಿ ಕಸ ತೆಗೆದಳು, ಹದ ನೋಡಿ ಬೆಳ್ಳಿ ಸೇರಿಸಿದಳು, ತಗಡು ಬಡಿದಳು. ಗೋಡೆಯ ಮೇಲಿದ್ದ ಫೋಟೋವನ್ನು ಇಳಿಸಿ ಮುಂದಿಟ್ಟುಕೊಂಡು ಆ ಮುಖವನ್ನೇ ಹಿಂದಿನಿಂದ ಉಬ್ಬಿಸಿ, ಮುಂದಿನಿಂದ ಕೊರೆದಳು. ಎಡ ಹುಬ್ಬು ಕೊಂಚ ಮೇಲೆ, ಕೆಳತುಟಿ ತುಸು ದಪ್ಪ, ಏನೋ ಕೇಳಬೇಕೆಂದು ಬಾಯಿ ತೆರೆಯಲಿರುವಂತೆ. ಕೆಂಪು ಕಲ್ಲನ್ನು ಹಣೆಯ ಕುಂಕುಮವಾಗಿ ಕೂರಿಸಿದಳು. ಇಷ್ಟು ಚೆನ್ನಾಗಿ ಮಾಡಿದರೆ ಅತ್ತೆ ಒಂದು ಸಲವಾದರೂ ತನ್ನ ಹೆಸರು ಹಿಡಿದು ಕರೆಯುತ್ತಾಳೆ ಎಂದು ಆ ಹುಚ್ಚು ಹುಡುಗಿಗೆ ಆಸೆ!

ಆರತಿ ತಟ್ಟೆ ಬಿದ್ದ ಮರುದಿನವೇ ಅವಳು ಬಸ್ಸು ಹತ್ತಿ ಚಿಂತಾಮಣಿಗೆ ಹೋದಳು. ಮುನಿಶಾಮಪ್ಪ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಕೆಲಸಕ್ಕೆ ಹೆಸರಿಡಂಗಿಲ್ಲ. ಆದ್ರೆ ಎಂತ ಪನಿ ಚೇಶಾವಮ್ಮಾ... ಎಂಥ ಕೆಲಸ ಮಾಡಿಬಿಟ್ಟೆ! ಸವತಿ ಬಿಲ್ಲೆಗೆ ಮುಖ ಇರಲ್ಲ ಕಣಮ್ಮ. ಎರಡು ಚುಕ್ಕಿ ಕಣ್ಣು, ಒಂದು ಗೀರು ಬಾಯಿ, ಅಷ್ಟೇ. ನಮ್ಮಪ್ಪನ ಕಾಲದಿಂದ ಒಂದೇ ಅಚ್ಚು.”

“ಯಾಕೆ ತಾತ?”

“ಮುಖ ಇಲ್ದಿದ್ರೆ ಅದು ಸತ್ತೋಳಿಗೆ ಮರ್ಯಾದೆ. ಮುಖ ಇಟ್ರೆ ಅವಳನ್ನ ಮನೆಗೆ ಕರೆದಂಗೆ. ಮನೆ ಅಂದ್ಮೇಲೆ ಅವಳ ಮುಖ ನೋಡಕಾಗದೋರು ಒಬ್ಬರಾದ್ರೂ ಇರ್ತಾರೆ. ಅರ ಹಾಕಿ ಉಜ್ಜಿಬಿಡು.”

ಮನೆಗೆ ಬಂದು ಅರ ಕೈಗೆತ್ತಿಕೊಂಡಳು. ಆಗಲಿಲ್ಲ... ಒಂಬತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಕೂತ ಮುಖ ಅದು. ನಿಜ ಹೇಳಬೇಕೆಂದರೆ, ಗಂಡ ಕಾರ್ಖಾನೆಯ ಪಾಳಿಗೆ ಹೋದ ಮೇಲೆ ಆ ಮನೆಯಲ್ಲಿ ಅವಳನ್ನು ನೇರವಾಗಿ ನೋಡುತ್ತಿದ್ದುದು ಅದೊಂದೇ ಮುಖ. ಹಾಗಾಗಿ ಬಿಲ್ಲೆಯನ್ನು ಸೆರಗಿನೊಳಗೆ ಮರೆಮಾಡಿ ಕಟ್ಟಿಕೊಂಡಳು.

ಅಲ್ಲಿಂದ ಮನೆಯ ಗಾಳಿಯೇ ಬದಲಾಯಿತು. “ಗೆಜ್ಜೆ ಸದ್ದು ಕೇಳಿಸ್ತಾ?” ಎಂದು ಲಕ್ಷ್ಮೀನರಸಮ್ಮ ರಾಗಿ ಬೀಸುವ ಕಲ್ಲಿನ ಪಕ್ಕ ಕೂತವಳು ತಟ್ಟನೆ ಎದ್ದುಬಿಡುತ್ತಿದ್ದಳು. ಗೆಜ್ಜೆಯೆಲ್ಲಿ? ಅದು ಕರಗಿ ಬಿಲ್ಲೆಯಾಗಿ ಹೋಗಿತ್ತಲ್ಲ! ಬಚ್ಚಲಿನ ಬಾಗಿಲಲ್ಲಿ ಯಾರೋ ನಿಂತಿದ್ದರು ಎನ್ನುತ್ತಿದ್ದಳು. ಊಟಕ್ಕೆ ಮೂರು ತಟ್ಟೆ ಹಾಕಬೇಕಾದಲ್ಲಿ ನಾಲ್ಕು ಹಾಕಿ, ತಾನೇ ಬೆಚ್ಚಿ ಒಂದನ್ನು ಎತ್ತಿಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಆದರೆ ಈಕೆಯನ್ನು ಕಳ್ಳಿ ಎಂದವರು ಯಾರೂ ಇರಲಿಲ್ಲ. ಇತ್ತ ಬಿಲ್ಲೆಯೂ ಸುಮ್ಮನಿರಲಿಲ್ಲ. ಬೆವರು ತಾಗಿ ತಾಮ್ರ ಸೇರಿದ ಬೆಳ್ಳಿ ಕಪ್ಪಾಗುತ್ತದಲ್ಲ, ಆ ಕಪ್ಪು ಕೂದಲಿನ ಗೆರೆಗಳಲ್ಲಿ, ರೆಪ್ಪೆಯಲ್ಲಿ, ತುಟಿಯ ಸಂದಿನಲ್ಲಿ ಕೂತುಕೊಂಡಿತು. ಮುಖ ದಿನದಿನಕ್ಕೆ ಇನ್ನಷ್ಟು ಎದ್ದು ಕಾಣತೊಡಗಿತು.

ಶೈಲಜಾ ಒಂದು ದಿನ ಗಂಡನನ್ನು ಕೇಳಿದಳು. “ಶಿರೀಷಾ ಅಕ್ಕ ಹೋದ ದಿನ ಏನಾಯ್ತು ರೀ?”

ಚಲಪತಿ ಬಿಲ್ಲೆಯ ಕಡೆ ನೋಡಲಾರದೆ ಶೂ ದಾರ ಕಟ್ಟುತ್ತಾ ಹೇಳಿದ. “ಜ್ವರ ಇತ್ತು. ನಾನು ಗೌರಿಬಿದನೂರಲ್ಲಿ ಪಾಳೀಲಿದ್ದೆ. ಫ್ಯಾಕ್ಟ್ರಿ ಒಳಗೆ ಫೋನ್ ಬಿಡಲ್ಲ. ಬರೋ ಹೊತ್ತಿಗೆ ಮುಗಿದೋಗಿತ್ತು ಶೈಲೂ... ಇದ್ದಕ್ಕಿದ್ದಂಗೆ ಆಯ್ತು ಅಂತ ಅಮ್ಮ ಹೇಳಿದ್ಲು.”

ಐದನೆಯ ತಿಂಗಳ ಅಮಾವಾಸ್ಯೆಯ ದಿನ, ಮಧ್ಯಾಹ್ನ ಮುದ್ದೆ ತೊಳಸುತ್ತಿದ್ದಾಗ ಶೈಲಜಾಳ ಕಿಬ್ಬೊಟ್ಟೆ ಹಿಡಿದುಕೊಂಡಿತು. ನೋಡಿದರೆ ರಕ್ತ! ಹಿಂದೆ ಎರಡು ಸಲ ಹೋದದ್ದೂ ಹೀಗೆಯೇ. ಗಂಡನಿಗೆ ಫೋನು ಮಾಡಿದಳು, ರಿಂಗಾಗಿ ನಿಂತಿತು. ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು.

“ಅತ್ತೆ... ಆಸ್ಪತ್ರೆಗೆ ಹೋಗೋಣ ಅತ್ತೆ...”

ಲಕ್ಷ್ಮೀನರಸಮ್ಮ ಎದ್ದು ನಿಂತಳು. ಬಾಗಿಲ ಕಡೆ ನೋಡಿದಳು, ಕ್ಯಾಲೆಂಡರ್ ಕಡೆ ನೋಡಿದಳು. ಬಾಯಿಗೆ ರೂಢಿಯ ಮಾತೇ ಬಂತು. “ಅಮಾವಾಸ್ಯೆ ದಿನ ಬಸುರಿ ಹೊಸ್ತಿಲು ದಾಟಬಾರದು ಕಣೇ. ಜೀರಿಗೆ ಕಷಾಯ ಕೊಡ್ತೀನಿ, ಮಲಕ್ಕೋ. ಬೆಳಿಗ್ಗೆ ಹೋದ್ರಾಯ್ತು...”

ಶೈಲಜಾ ಮಂಡಿಯೂರಿ ಕುಸಿದಾಗ ಸೆರಗು ಜಾರಿ, ಬಿಲ್ಲೆ ಎದೆಯ ಮೇಲೆ ಹೊರಳಿ ನಿಂತಿತು. ಕಿಟಕಿಯ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದು ಹಣೆಯ ಕಲ್ಲು ಕೆಂಪಗೆ ಹೊಳೆಯಿತು. ಕಪ್ಪು ರೆಪ್ಪೆಯ ಆ ಕಣ್ಣುಗಳು ಮುದುಕಿಯನ್ನೇ ನೋಡುತ್ತಿದ್ದವು.

“ಹಂಗೆ ನೋಡಬೇಡ ಕಣೇ!” ಲಕ್ಷ್ಮೀನರಸಮ್ಮ ಕಿರುಚಿದಳು. “ಅವತ್ತೂ ಹಿಂಗೇ ನೋಡಿದ್ದೆ... ಜ್ವರದಲ್ಲಿ ನೀನು ಇದೇ ಜಾಗದಲ್ಲಿ ಕೂತು ಮೂರು ಸಲ ಕೇಳ್ದೆ. ಅತ್ತೆ ಆಸ್ಪತ್ರೆ, ಅತ್ತೆ ಆಸ್ಪತ್ರೆ ಅಂದೆ. ಅಮಾವಾಸ್ಯೆ, ನಾಳೆ ಹೋಗಣ ಅಂತ ಬಾಗಿಲು ಹಾಕ್ದೆ ನಾನು... ಇದ್ದಕ್ಕಿದ್ದಂಗೆ ಆಯ್ತು ಅಂತ ಮಗನಿಗೆ ಸುಳ್ಳು ಹೇಳ್ದೆ... ನಾಲ್ಕು ವರ್ಷ ಆಯ್ತಲ್ಲೇ, ಒಂದು ದಿನ ನಿದ್ದೆ ಮಾಡಿಲ್ವಲ್ಲೇ...!”

ಮಾತು ಅಲ್ಲಿಗೇ ತುಂಡಾಯಿತು. ಆಕೆ ಬಾಗಿಲು ದಬ್ಬಿ ಬರಿಗಾಲಲ್ಲೇ ಬೀದಿಗೆ ಓಡಿದಳು. “ವೇಣು! ಏ ವೇಣು! ಆಟೋ ತಗೊಂಡು ಬಾರೋ ನಮ್ಮಪ್ಪ!”

ಗೌರಿಬಿದನೂರಿನ ರಸ್ತೆಯುದ್ದಕ್ಕೂ ಶೈಲಜಾಳ ತಲೆ ಅತ್ತೆಯ ತೊಡೆಯ ಮೇಲಿತ್ತು. ಲಕ್ಷ್ಮೀನರಸಮ್ಮ ಒಂದು ಕೈಯಲ್ಲಿ ಅವಳ ಹೊಟ್ಟೆ ಸವರುತ್ತಾ, ಇನ್ನೊಂದರಲ್ಲಿ ಬಿಲ್ಲೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಹೋಗ್ತಾ ಇದೀವಿ ಕಣಮ್ಮ... ಇನ್ನೇನು ಬಂದೇಬಿಡ್ತು ಆಸ್ಪತ್ರೆ. ಶಿರೀಷಾ, ನನ್ನ ಮೇಲೆ ಕೋಪ ಮಾಡ್ಕೊಂಡಿದೀಯಾ? ಒಂದು ಮಾತು ಹೇಳೇ, ನಮ್ಮಮ್ಮ ಅಲ್ವಾ... ಕೋಪಾನಾ?”

ಶೈಲಜಾ ಕಣ್ಣು ತೆರೆದಳು. ನಾನು ಶಿರೀಷಾ ಅಲ್ಲ ಅತ್ತೆ, ನಾನು ಶೈಲಜಾ ಎಂಬ ಮಾತು ಎರಡು ವರ್ಷದಿಂದ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಈಗಲೂ ಬಂತು. ತನ್ನ ಒಡಲು ಬರಿದಾಗುತ್ತಿರುವ ಈ ಗಳಿಗೆಯಲ್ಲೂ ಇವರು ಮಾತಾಡುತ್ತಿರುವುದು ಸತ್ತವಳ ಜೊತೆಗೇ! ಸಿಟ್ಟು ಬಂತು, ಅಳು ಬಂತು. ಆದರೆ ಮೇಲೆ ಬಾಗಿದ್ದ ಆ ಮುಖದಲ್ಲಿ ಅತ್ತೆಯ ಗತ್ತು ಎಲ್ಲೂ ಇರಲಿಲ್ಲ. ನಾಲ್ಕು ವರ್ಷದಿಂದ ಒಂದು ಉತ್ತರಕ್ಕೆ ಕಾದು ಬತ್ತಿದ ಎರಡು ಕಣ್ಣು ಮಾತ್ರ ಇದ್ದವು. ಆ ಉತ್ತರ ಕೊಡಬಲ್ಲವಳು ಬೆಳ್ಳಿಯಾಗಿ ಹೋಗಿದ್ದಳು. ಶೈಲಜಾ ತನ್ನ ಹೆಸರನ್ನು ನುಂಗಿಕೊಂಡಳು.

“ಇಲ್ಲ ಅತ್ತೆ... ನಂಗೆ ನಿಮ್ಮ ಮೇಲೆ ಕೋಪ ಇಲ್ಲ. ಅಳಬೇಡಿ.”

ಮುದುಕಿ ಗೊಳೋ ಎಂದು ಅತ್ತಳು. ಮುಂದೆ ಕೂತಿದ್ದ ವೇಣು ಏನೂ ಕೇಳಿಸದವನಂತೆ ಆಟೋ ಇನ್ನೂ ಜೋರಾಗಿ ಓಡಿಸಿದ.

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ ತಲೆಯೆತ್ತದೆ ಕೇಳಿದಳು. “ಪೇಷೆಂಟ್ ಹೆಸರು?”

ಸ್ಟ್ರೆಚರಿನ ಮೇಲೆ ಶೈಲಜಾ ಅತ್ತೆಯ ಕಡೆ ಕತ್ತು ಹೊರಳಿಸಿದಳು. ಲಕ್ಷ್ಮೀನರಸಮ್ಮ ಅವಳ ಮುಖ ನೋಡಿದಳು, ಬಿಲ್ಲೆಯನ್ನು ನೋಡಿದಳು, ಮತ್ತೆ ಅವಳ ಮುಖ ನೋಡಿದಳು. ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. “ಶೈ-ಲ-ಜಾ ಅಂತ ಬರ್ಕೋಮ್ಮ. ನನ್ನ ಸೊಸೆ. ಬೇಗ ಒಳಗೆ ಕರ್ಕೊಂಡು ಹೋಗಿ, ಕೈ ಮುಗೀತೀನಿ.”

ಕತ್ತಲಾಗುವ ಮುಂಚೆಯೇ ಡಾಕ್ಟರು ಹೊರಗೆ ಬಂದು, ಮಗುವಿನ ಗುಂಡಿಗೆ ಬಡಿಯುತ್ತಿದೆ, ಸರಿಯಾದ ಹೊತ್ತಿಗೆ ತಂದಿರಿ ಎಂದರು. ಚಲಪತಿ ಕಾರ್ಖಾನೆಯಿಂದ ಓಡಿಬಂದ. ಲಕ್ಷ್ಮೀನರಸಮ್ಮ ಅವನನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿಕೊಂಡು ನಾಲ್ಕು ವರ್ಷದ ಹಿಂದಿನದನ್ನೆಲ್ಲ ಹೇಳಿದಳು. ಅವನು ಎದ್ದು ಗೇಟಿನವರೆಗೂ ಹೋಗಿ, ಎರಡು ಲೋಟ ಕಾಫಿ ಹಿಡಿದು ವಾಪಸು ಬಂದ. ಒಂದನ್ನು ತಾಯಿಯ ಪಕ್ಕ ಇಟ್ಟ. ಕೈಗೆ ಕೊಡಲಿಲ್ಲ.

ಮೂರನೆಯ ದಿನ ಮನೆಗೆ ಬಂದ ಮೇಲೆ ಶೈಲಜಾ ಮೇಜಿನ ಮುಂದೆ ಕೂತು ಬಿಲ್ಲೆಯನ್ನು ಬಿಚ್ಚಿ ಅರ ಕೈಗೆತ್ತಿಕೊಂಡಳು. “ಮುಖ ಉಜ್ಜಿಬಿಡ್ತೀನಿ ಅತ್ತೆ. ಎರಡು ಚುಕ್ಕಿ ಇಡ್ತೀನಿ, ಸಾಕು. ನೀವು ಇನ್ಮೇಲಾದ್ರೂ ನಿದ್ದೆ ಮಾಡಿ.”

ಲಕ್ಷ್ಮೀನರಸಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು ಅವಳ ಕೈಯಿಂದ ಅರವನ್ನು ತೆಗೆದಿಟ್ಟಳು. ತಾನೇ ಬಿಲ್ಲೆಯನ್ನು ಸೊಸೆಯ ಕತ್ತಿಗೆ ಕಟ್ಟಿ, ಮುಖ ಹೊರಗೆ ಕಾಣುವ ಹಾಗೆ ಸೆರಗು ಸರಿಸಿದಳು.

“ಬೇಡ ಶೈಲಜಾ... ಇರಲಿ ಬಿಡು. ನನ್ನನ್ನ ನೋಡ್ತಾ ಇರಲಿ.”